ಗೋಡೆ ಮೇಲಿನ ಕಲೆ

ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಸಿ ಹನ್ನೊಂದು ದಿನ ಆಗಿತ್ತು. ಲೆಕ್ಕ ಪಕ್ಕಾ ನೆನಪಿದೆ, ದುಡ್ಡು ಕೊಟ್ಟವನು ನಾನಲ್ಲವೇ. ಹನ್ನೆರಡನೇ ದಿನ ಬೆಳಿಗ್ಗೆ ಗೇಟು ತೆಗೆದು ಹೊರಗೆ ಬಂದರೆ ಗೋಡೆ ಮೇಲೆ ಕಪ್ಪು ಬಣ್ಣದಲ್ಲಿ ಏನೋ ಒಂದು. ನನ್ನ ತೋಳಿನಷ್ಟು ಉದ್ದ. ಹಾವು ಸುತ್ತಿಕೊಂಡಂತೆ ಒಂದೇ ಗೆರೆ, ತಲೆಯ ಮೇಲೆ ಮೂರು ಮೊನೆಯ ಕಿರೀಟ, ಬಾಲದ ತುದಿಯಲ್ಲಿ ಬಾಣ. ಅಕ್ಷರವೋ ಚಿತ್ರವೋ ತಿಳಿಯಲಿಲ್ಲ. ಬೈಗುಳ ಆಗಿದ್ದರೆ ಕೊನೇಪಕ್ಷ ಯಾರಿಗೆ ಬೈದದ್ದು ಅಂತಲಾದರೂ ಗೊತ್ತಾಗುತ್ತಿತ್ತು.

ಥಿನ್ನರ್ ತಂದೆ. ಹಳೇ ಬನಿಯನ್ ಅದರಲ್ಲಿ ಅದ್ದಿ ಉಜ್ಜಿದೆ. ಮೊದಲ ಎರಡು ನಿಮಿಷ ಖುಷಿಯಾಯಿತು, ಕಪ್ಪು ಬಟ್ಟೆಗೆ ಬರುತ್ತಿತ್ತು. ಆಮೇಲೆ ನೋಡಿದರೆ ಅದು ಕರಗಿ ಸುತ್ತಲೂ ಹರಡಿ ಬೂದು ಮೋಡವಾಗಿದೆ. ಮೋಡದ ಒಳಗೆ ಹಾವು ಹಾಗೇ ಇದೆ. ಇನ್ನೂ ಜೋರಾಗಿ ಉಜ್ಜಿದೆ. ನನ್ನ ಹೊಸ ಬಣ್ಣ ಕಿತ್ತು ಬಂತು, ಅದರ ಕೆಳಗಿನ ಪ್ರೈಮರ್ ಬಂತು, ಕೊನೆಗೆ ಸಿಮೆಂಟ್ ಗಾರೆ ಕಾಣಿಸಿತು. ಗಾರೆಯ ಸಣ್ಣ ಸಣ್ಣ ತೂತುಗಳ ಒಳಗೂ ಕಪ್ಪು ಹೊಕ್ಕು ಕೂತಿತ್ತು. ಗೋಡೆ ನೋಡೋಕೆ ಗಟ್ಟಿ, ಒಳಗೆ ಮಾತ್ರ ಸ್ಪಂಜು. ಬಣ್ಣ ಕುಡಿದುಬಿಡುತ್ತದೆ.

ಉಜ್ಜುತ್ತಿದ್ದಾಗ ಒಂದು ವಿಷಯ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ಹಿಂದಿನ ವಾರವಷ್ಟೇ ಗ್ರಾಫಿಟಿಯ, ಅಂದರೆ ಊರಿನ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದ ಬರಹ, ಚಿತ್ರಗಳ ಫೋಟೋಗಳನ್ನು ಫೋನಿನಲ್ಲಿ ನೋಡಿ, 'ಎಂಥಾ ಕೈ ನೋಡಿ' ಅಂತ ಬರೆದು ನಾಲ್ಕು ಜನಕ್ಕೆ ಕಳಿಸಿದ್ದೆ. ಅವು ಯಾರದೋ ಗೋಡೆಗಳು. ಆ ಗೋಡೆಯವರು ಬೆಳಿಗ್ಗೆ ಎದ್ದು ಬಂದು ಏನಂದಿರಬಹುದು ಅಂತ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ.

ನಮ್ಮ ಭಾಷೆ ಈ ವಿಷಯದಲ್ಲಿ ಸ್ವಲ್ಪ ತುಂಟ. ಗ್ಯಾಲರಿಯಲ್ಲಿ ತೂಗುಹಾಕಿದರೂ ಕಲೆ, ಬಿಳಿ ಅಂಗಿಗೆ ಅಂಟಿದರೂ ಕಲೆ. ಒಂದು ಸಂಸ್ಕೃತದಿಂದ ಬಂದದ್ದು, ಇನ್ನೊಂದು ನಮ್ಮದೇ. ಎರಡೂ ಸೇರಿ ಒಂದೇ ಪದವಾಗಿ ಕೂತಿವೆ. ಪರರ ಗೋಡೆಯ ಮೇಲಿದ್ದಾಗ ನಾನು ಮೊದಲನೇ ಕಲೆ ಅಂದೆ. ನನ್ನ ಗೋಡೆಗೆ ಬಂದಾಗ ಎರಡನೆಯದು.

ಹಾಗಾದರೆ ಗ್ರಾಫಿಟಿ ಕಲೆಯೋ, ಕಿಡಿಗೇಡಿಗಳ ಕೆಲಸವೋ? 'ಎರಡೂ ಹೌದು, ಸಂದರ್ಭ ನೋಡಬೇಕು' ಅಂದುಬಿಡುವುದು ಸುಲಭ. ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನನಗೆ ಅನ್ನಿಸಿದ್ದು ಬೇರೆ. ಇದು ಒಂದು ಪ್ರಶ್ನೆಯೇ ಅಲ್ಲ, ಎರಡು ಪ್ರಶ್ನೆಗಳನ್ನು ಒಂದೇ ದಾರದಲ್ಲಿ ಗಂಟು ಹಾಕಿಟ್ಟಿದ್ದೇವೆ. ಬರೆದದ್ದು ಎಂಥದ್ದು ಅನ್ನುವುದು ಒಂದು. ಯಾರ ಮೇಲೆ ಬರೆದದ್ದು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಎಷ್ಟೇ ಒಳ್ಳೇ ಉತ್ತರ ಸಿಕ್ಕಿದರೂ ಅದು ಎರಡನೆಯದಕ್ಕೆ ಉತ್ತರ ಆಗುವುದಿಲ್ಲ. ಚೆನ್ನಾಗಿ ಹಾಡುವವನು ರಾತ್ರಿ ಎರಡು ಗಂಟೆಗೆ ನಮ್ಮ ಕಿಟಕಿ ಕೆಳಗೆ ಹಾಡಿದರೆ ಹಾಡು ಕೆಟ್ಟದಾಗುವುದಿಲ್ಲ. ನಮಗೆ ನಿದ್ದೆಯೂ ಬರುವುದಿಲ್ಲ.

ನನ್ನ ಗೋಡೆಯ ಹಾವಿಗೆ ಹೆಸರಿದೆ ಅಂತ ಆಮೇಲೆ ಗೊತ್ತಾಯಿತು. ಅದು ಟ್ಯಾಗ್. ಅಂದರೆ ಸಹಿ. ಗ್ರಾಫಿಟಿ ಮಾಡುವವರು ತಮ್ಮನ್ನು ಕಲಾವಿದರು ಅಂತ ಕರೆದುಕೊಳ್ಳುವುದು ಕಡಿಮೆ. ರೈಟರ್ ಅನ್ನುತ್ತಾರೆ. ಬರೆಯುವವರು. ಬರೆಯುವುದು ಹೆಚ್ಚುಕಡಿಮೆ ಒಂದೇ ಪದ, ತಾವೇ ಇಟ್ಟುಕೊಂಡ ಹೆಸರು. ಅದನ್ನೇ ಮತ್ತೆ ಮತ್ತೆ, ಸಾವಿರ ಸಲ. ಬರೆಯುವ ನಾನು ಆ ಮಾತು ಓದಿ ಒಂದು ನಿಮಿಷ ಸುಮ್ಮನಾದೆ.

ಈಗಿನ ಗ್ರಾಫಿಟಿ ಶುರುವಾದದ್ದೇ ಹೆಸರಿನಿಂದ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಾರ್ನ್‌ಬ್ರೆಡ್ ಎಂಬ ಹೆಸರು ಗೋಡೆ ಗೋಡೆಯ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಪತ್ರಿಕೆಯೊಂದು ತಪ್ಪಾಗಿ ಅವನು ಸತ್ತ ಅಂತ ಬರೆದಾಗ, ತಾನಿನ್ನೂ ಬದುಕಿದ್ದೇನೆ ಅಂತ ಸಾರಲು ಮೃಗಾಲಯಕ್ಕೆ ನುಗ್ಗಿ ಆನೆಯ ಮೈಮೇಲೆ ಹೆಸರು ಬರೆದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಆನೆಯ ಅಭಿಪ್ರಾಯ ಯಾರೂ ಕೇಳಿದಂತಿಲ್ಲ. ನ್ಯೂಯಾರ್ಕ್‌ನಲ್ಲಿ ಟಾಕಿ 183. ಡಿಮಿಟ್ರಿಯಸ್ ಎಂಬ ಗ್ರೀಕ್ ಹೆಸರಿನ ಮುದ್ದಿನ ರೂಪ ಟಾಕಿ, 183 ಅವನ ಮನೆಯಿದ್ದ ಬೀದಿಯ ಸಂಖ್ಯೆ. ಊರೆಲ್ಲ ಓಡಾಡಿ ಕಾಗದಪತ್ರ ತಲುಪಿಸುವ ಕೆಲಸ, ಕೈಯಲ್ಲಿ ಮಾರ್ಕರ್. ಹೋದಲ್ಲೆಲ್ಲ ಬರೆದ. 1971ರ ಜುಲೈ 21ರಂದು ದಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ವರದಿ ಮಾಡಿತು. ಹೆಸರು ಬರೆದರೆ ಪತ್ರಿಕೆಯಲ್ಲಿ ಬರುತ್ತೇವೆ ಅಂತ ಗೊತ್ತಾದ ಮೇಲೆ ಊರಿನ ಹುಡುಗರು ಸುಮ್ಮನಿರುತ್ತಾರೆಯೇ?

ನಾನೂ ಒಂದು ಕಾಲದಲ್ಲಿ ಸುಮ್ಮನಿದ್ದವನಲ್ಲ. ಶಾಲೆಯ ಬೆಂಚಿನ ಮೇಲೆ ಕೈವಾರದ ಮೊನೆಯಿಂದ ಹೆಸರು ಕೊರೆದಿದ್ದೆ. ಮೂರು ದಿನ ಹಿಡಿಯಿತು. ಕೊರೆದು ಮುಗಿಸಿ ಊದಿದಾಗ ಮರದ ಪುಡಿ ಹಾರಿ ಹೆಸರು ಬೆಳ್ಳಗೆ ಕಂಡಿತ್ತು. ಅದಕ್ಕೆ ಸಿಕ್ಕ ಏಟು ಮರೆತುಹೋಗಿದೆ, ಆ ಬೆಳ್ಳಗಿನ ಅಕ್ಷರ ಮರೆತಿಲ್ಲ. ನನ್ನ ಪಕ್ಕದಲ್ಲಿ ಅದಕ್ಕೂ ಹಳೆಯ, ಕಪ್ಪಾದ ಒಂದು ಹೆಸರಿತ್ತು. ಆ ಮನುಷ್ಯನ ಜೊತೆ ನನಗೆ ಅದೇನೋ ಸ್ನೇಹ.

ಗೋಡೆ ಪ್ರಕರಣ ಆದಮೇಲೆ, ಇದು ಅಷ್ಟು ಸುಲಭವಾ ನೋಡೇಬಿಡೋಣ ಅಂತ ಒಂದು ಸ್ಪ್ರೇ ಕ್ಯಾನ್ ತಂದೆ. ಹಳೇ ಪ್ಲೈವುಡ್ ಹಲಗೆಯೊಂದನ್ನು ಗೋಡೆಗೆ ಒರಗಿಸಿದೆ. ಕ್ಯಾನ್ ಅಲ್ಲಾಡಿಸಿದರೆ ಒಳಗಿನ ಗೋಲಿ ಟಕಟಕ ಅನ್ನುತ್ತದೆ. ತಳದಲ್ಲಿ ಕೂತ ಬಣ್ಣ ಕಲೆಸೋಕೆ ಅದು. ಒತ್ತಿದೆ. ಹಲಗೆಗೆ ಹತ್ತಿರ ಹಿಡಿದರೆ ಗೆರೆ ತೆಳ್ಳಗೆ ಬರುತ್ತದೆ, ಆದರೆ ಕೈ ಒಂದು ಕ್ಷಣ ನಿಧಾನವಾದರೂ ಬಣ್ಣ ಕಣ್ಣೀರಿನ ಹಾಗೆ ಇಳಿಯುತ್ತದೆ. ದೂರ ಹಿಡಿದರೆ ಇಳಿಯುವುದಿಲ್ಲ, ಗೆರೆಯ ಬದಲು ಮಂಜು. ಪೆನ್ನು ಹಿಡಿದು ಅಭ್ಯಾಸ ಇರುವವರು ಬೆರಳಿನಿಂದ ಬರೆಯುತ್ತಾರೆ. ಇಲ್ಲಿ ಭುಜದಿಂದ ಬರೆಯಬೇಕು, ಮೈಯೇ ವಾಲಬೇಕು. ಒಂದು ಸೊನ್ನೆ ಸುತ್ತೋಕೆ ನನಗೆ ಹದಿನೈದು ಸಲ ಬೇಕಾಯಿತು. ಅದೂ ಮೊಟ್ಟೆ ಆಯಿತು.

ಆಮೇಲೆ ಹಾವನ್ನು ನೆನಪಿಸಿಕೊಂಡೆ. ಒಂದೇ ಗೆರೆ. ಎಲ್ಲೂ ಬಣ್ಣ ಇಳಿದಿರಲಿಲ್ಲ. ತಿರುವಿನಲ್ಲಿ ತೆಳ್ಳಗೆ, ಹೊಟ್ಟೆಯಲ್ಲಿ ದಪ್ಪ. ಕತ್ತಲಲ್ಲಿ, ಯಾರಾದರೂ ಬಂದಾರು ಅನ್ನುವ ಭಯದಲ್ಲಿ, ಹತ್ತು ಸೆಕೆಂಡಿನೊಳಗೆ ಎಳೆದದ್ದು. ನನ್ನ ಬಣ್ಣ ಹಾಳು ಮಾಡಿದವನ ಕೈ ಪಳಗಿದ ಕೈ. ಇದನ್ನು ಒಪ್ಪಿಕೊಳ್ಳೋಕೆ ಹೊಟ್ಟೆ ಉರಿಯಿತು, ಆದರೆ ಒಪ್ಪಿಕೊಂಡೆ.

ಗ್ರಾಫಿಟಿಯಲ್ಲಿ ಮೆಟ್ಟಿಲುಗಳಿವೆ. ಟ್ಯಾಗ್ ಮೊದಲನೆಯದು. ಎರಡು ಬಣ್ಣದಲ್ಲಿ, ಊದಿಕೊಂಡ ಅಕ್ಷರಗಳಲ್ಲಿ ಬೇಗ ಬೇಗ ಬರೆದರೆ ಥ್ರೋ-ಅಪ್. ಗಂಟೆಗಟ್ಟಲೆ ಕೂತು, ತಿಳಿ ಬಣ್ಣದಲ್ಲಿ ಮೊದಲು ನಕ್ಷೆ ಹಾಕಿ, ಒಳಗೆ ತುಂಬಿ, ಹಿನ್ನೆಲೆ ಬಳಿದು, ಕೊನೆಯಲ್ಲಿ ಗಟ್ಟಿ ಗೆರೆ ಎಳೆದರೆ ಪೀಸ್. ಮಾಸ್ಟರ್‌ಪೀಸ್ ಅನ್ನುವುದರ ಮೋಟು ರೂಪ ಅದು. ಹೊಸಬ, ಕೈ ಪಳಗದವನು ಟಾಯ್. ತನಗಿಂತ ದೊಡ್ಡವನ ಪೀಸ್ ಮೇಲೆ ಟಾಯ್ ಬರೆಯುವ ಹಾಗಿಲ್ಲ. ಕಾನೂನು ಮುರಿಯುವವರ ಕಾನೂನು ಇದು, ಜಾಸ್ತಿ ಕಟ್ಟುನಿಟ್ಟು. ಜನ ಸಾಮಾನ್ಯವಾಗಿ 'ಚಿತ್ರ ಬರೆದರೆ ಪರವಾಗಿಲ್ಲ, ಈ ಗೀಚುಗಳು ಬೇಡ' ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ. ಆದರೆ ಆ ದೊಡ್ಡ ಚಿತ್ರ ಬರೆದವರಲ್ಲಿ ಹೆಚ್ಚಿನವರು ಮೊದಲು ಯಾರದೋ ಗೋಡೆ ಮೇಲೆ ಗೀಚಿ ಗೀಚಿಯೇ ಭುಜ ಪಳಗಿಸಿಕೊಂಡವರು. ನನ್ನ ಗೋಡೆ ಯಾರದೋ ಕಾಪಿ ಪುಸ್ತಕ ಆಗಿತ್ತು ಅಷ್ಟೇ. ಕಾಪಿ ಪುಸ್ತಕದ ದುಡ್ಡು ಮಾತ್ರ ನಾನು ಕೊಟ್ಟೆ.

ನ್ಯೂಯಾರ್ಕ್‌ನಲ್ಲಿ ಈ ಜಗಳ ಗೋಡೆಯಿಂದ ರೈಲಿಗೆ ಹೋಯಿತು. ರೈಲಿನ ಮೇಲೆ ಬರೆದರೆ ಹೆಸರು ಊರೆಲ್ಲ ಸುತ್ತುತ್ತದೆ. ಡಾಂಡಿ, ಲೇಡಿ ಪಿಂಕ್, ಲೀ ಕಿನೋನೆಸ್ ಮುಂತಾದವರು ಇಡೀ ಬೋಗಿಗಳನ್ನೇ ಬಣ್ಣದಲ್ಲಿ ಮುಳುಗಿಸಿದರು. ಮೇಯರ್ ಎಡ್ ಕಾಚ್ 1981ರಲ್ಲಿ ರೈಲು ನಿಲ್ಲುವ ಯಾರ್ಡ್‌ಗಳಿಗೆ ಬೇಲಿ ಹಾಕಿಸಿ ನಾಯಿ ಬಿಡಿಸಿದರು. ನಾಯಿಗಿಂತ ತೋಳ ವಾಸಿ ಎಂಬ ಮಾತನ್ನೂ ಆಡಿದ್ದರು. ಯಾವುದೂ ನಾಟಲಿಲ್ಲ. ಕೊನೆಗೆ ಗೆದ್ದದ್ದು ಬಕೆಟ್ಟು, ಬ್ರಷ್ಷು. 1984ರಲ್ಲಿ ಸಾರಿಗೆ ಇಲಾಖೆ ಒಂದು ನಿಯಮ ಮಾಡಿತು: ಒಮ್ಮೆ ತೊಳೆದ ರೈಲು ಬರಹ ಹೊತ್ತು ಯಾರ್ಡ್ ಬಿಟ್ಟು ಹೊರಡಬಾರದು. ಬರೆದರೆ ತೊಳೆಯುವವರೆಗೂ ಅದು ನಿಂತಲ್ಲೇ ನಿಲ್ಲಬೇಕು. 1989ರ ಮೇ 12ರಂದು ಕೊನೆಯ ಬರಹದ ರೈಲನ್ನು ಓಡಾಟದಿಂದ ತೆಗೆದರು. ರಾತ್ರಿಯಿಡೀ ಬರೆದರೂ ಬೆಳಿಗ್ಗೆ ಯಾರೂ ನೋಡುವುದಿಲ್ಲ ಅಂತಾದ ಮೇಲೆ ಹುಡುಗರು ತಾವಾಗಿ ಬಿಟ್ಟರು. ಎಷ್ಟೆಂದರೂ ಅವರು ರೈಟರ್‌ಗಳು. ಓದುವವರಿಲ್ಲದೆ ಬರೆಯೋಕೆ ಯಾರಿಗೆ ಮನಸ್ಸು ಬರುತ್ತದೆ?

ಇದರ ನಡುವೆ 1983ರ ಸೆಪ್ಟೆಂಬರ್ ಇದೆ. ಮೈಕಲ್ ಸ್ಟೂವರ್ಟ್ ಎಂಬ 25 ವರ್ಷದ ಕಪ್ಪು ಯುವಕ ನೆಲದಡಿಯ ರೈಲಿನ, ಅಂದರೆ ಸಬ್‌ವೇಯ, ನಿಲ್ದಾಣದ ಗೋಡೆ ಮೇಲೆ ಬರೆಯುತ್ತಿದ್ದ ಅಂತ ಪೊಲೀಸರು ಹಿಡಿದರು. ಆಸ್ಪತ್ರೆಗೆ ತಂದಾಗ ಅವನಿಗೆ ಪ್ರಜ್ಞೆ ಇರಲಿಲ್ಲ. ಎರಡು ವಾರದಲ್ಲಿ ಸತ್ತ. ವಿಚಾರಣೆ ಎದುರಿಸಿದ ಅಧಿಕಾರಿಗಳೆಲ್ಲ 1985ರಲ್ಲಿ ಖುಲಾಸೆಯಾದರು. ಸುದ್ದಿ ತಿಳಿದ ಚಿತ್ರಕಾರ ಜೀನ್-ಮಿಷೆಲ್ ಬಾಸ್ಕಿಯಾ, ಗೆಳೆಯನೂ ಚಿತ್ರಕಾರನೂ ಆದ ಕೀತ್ ಹೇರಿಂಗ್‌ನ ಸ್ಟುಡಿಯೋ ಗೋಡೆಯ ಮೇಲೆ ಒಂದು ಚಿತ್ರ ಬರೆದ. ಲಾಠಿ ಎತ್ತಿದ ಇಬ್ಬರು, ನಡುವೆ ಒಂದು ಕಪ್ಪು ಆಕೃತಿ. ಮೇಲೆ, ಪ್ರಶ್ನೆ ಚಿಹ್ನೆಗಳ ನಡುವೆ, 'ವಿರೂಪ' ಅನ್ನುವ ಅರ್ಥದ ಒಂದು ಪದ. ಗೋಡೆ ಕೆಡಿಸಿದ್ದು ವಿರೂಪವೋ, ಹುಡುಗನಿಗೆ ಮಾಡಿದ್ದು ವಿರೂಪವೋ? ಹೇರಿಂಗ್ ಆ ಗೋಡೆಯನ್ನೇ ಕತ್ತರಿಸಿ ತೆಗೆದು, ಚೌಕಟ್ಟು ಹಾಕಿಸಿ, ಮಂಚದ ಮೇಲ್ಗಡೆ ತೂಗುಹಾಕಿಕೊಂಡ. 1990ರಲ್ಲಿ ಅವನು ಸಾಯುವಾಗಲೂ ಅದು ಅಲ್ಲೇ ಇತ್ತು. ಥಿನ್ನರ್ ಹಿಡಿದು ನಿಂತಾಗ ನನಗೆ ಬಂದ ಸಿಟ್ಟು ನಿಜ. ಆ ಸಿಟ್ಟಿನ ಕೈಯಲ್ಲಿ ಲಾಠಿ ಕೊಟ್ಟರೆ ಏನಾಗುತ್ತದೆ ಅನ್ನುವುದೂ ನಿಜ.

ಹಾಗಂತ ಗೀಚು ಬರೀ ಬಣ್ಣ, ಅದರಿಂದ ಯಾರಿಗೇನು ತೊಂದರೆ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಖ್ರೋನಿಂಗೆನ್‌ನಲ್ಲಿ ಸಂಶೋಧಕರು ಒಂದು ಚಂದದ ಪ್ರಯೋಗ ಮಾಡಿದರು. 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಸೈಕಲ್ ನಿಲ್ಲಿಸುವ ಒಂದು ಓಣಿ. ಪ್ರತಿ ಸೈಕಲ್ಲಿನ ಹ್ಯಾಂಡಲ್‌ಗೂ ಒಂದು ಕರಪತ್ರ ಸಿಕ್ಕಿಸಿದರು. ಹತ್ತಿರ ಕಸದ ಬುಟ್ಟಿ ಇಲ್ಲ. ಗೋಡೆ ಚೊಕ್ಕವಾಗಿದ್ದಾಗ ನೂರಕ್ಕೆ 33 ಜನ ಕರಪತ್ರವನ್ನು ನೆಲಕ್ಕೆ ಎಸೆದರು. ಅದೇ ಗೋಡೆಯ ತುಂಬ ಟ್ಯಾಗ್ ಬರೆದಿಟ್ಟಾಗ 69 ಜನ. ಎರಡಕ್ಕಿಂತ ಜಾಸ್ತಿ ಪಟ್ಟು. ಇದನ್ನು ನನ್ನ ಗೋಡೆಯೂ ಹೇಳುತ್ತದೆ. ಬೂದು ಮೋಡ ಎದ್ದ ಎರಡೇ ವಾರದಲ್ಲಿ ಅದರ ಬುಡದಲ್ಲಿ ಖಾಲಿ ಬಾಟಲಿ, ಪ್ಲಾಸ್ಟಿಕ್ ಕವರು ಬೀಳೋಕೆ ಶುರುವಾಯಿತು. ಅದಕ್ಕೂ ಮುಂಚೆ ಬಿದ್ದದ್ದಿಲ್ಲ. ಯಾರೂ ನೋಡಿಕೊಳ್ಳದ ಜಾಗ ಅಂತ ಒಂದು ಗೆರೆ ಸಾರಿ ಹೇಳಿಬಿಟ್ಟಿತ್ತು.

ಇನ್ನು ಹಳೆಯ ಗೋಡೆಗಳ ವಿಷಯ. ಗ್ರಾಫಿಟಿ ಪರ ಮಾತಾಡುವವರು ಇಟಲಿಯ ಪಾಂಪೆಯಿಂದ ಶುರುಮಾಡುತ್ತಾರೆ. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಹೂತುಹೋದ ಆ ಊರಿನ ಗೋಡೆಗಳಲ್ಲಿ 11,000ಕ್ಕೂ ಹೆಚ್ಚು ಗೀಚುಗಳು ಸಿಕ್ಕಿವೆ. ಪ್ರೇಮ, ಬೈಗುಳ, ಸಾಲದ ಲೆಕ್ಕ, ಚುನಾವಣೆ. ಒಬ್ಬನಂತೂ ಬರೆದಿದ್ದಾನೆ: ಎಲೈ ಗೋಡೆಯೇ, ಇಷ್ಟು ಜನರ ಬೇಸರದ ಬರಹ ಹೊತ್ತೂ ನೀನು ಇನ್ನೂ ಬಿದ್ದಿಲ್ಲವಲ್ಲ, ಆಶ್ಚರ್ಯ! ಹಾಗೆ ಬರೆಯೋಕೆ ಅವನೂ ಅದೇ ಗೋಡೆಯನ್ನೇ ಬಳಸಿದ. 2018ರಲ್ಲಿ ಅಲ್ಲಿ ಇದ್ದಿಲಿನಲ್ಲಿ ಬರೆದ ಒಂದು ಸಾಲು ಸಿಕ್ಕಿತು. ಅದರಲ್ಲಿ ಅಕ್ಟೋಬರ್ ತಿಂಗಳ ದಿನಾಂಕ. ಜ್ವಾಲಾಮುಖಿ ಸಿಡಿದದ್ದು ಆಗಸ್ಟ್‌ನಲ್ಲಿ ಅಂತ ಶತಮಾನಗಳಿಂದ ಹೇಳಿಕೊಂಡು ಬಂದದ್ದನ್ನೇ ಆ ಒಂದು ಸಾಲು ಅಲ್ಲಾಡಿಸಿತು. ಒರೆಸಿದ್ದರೆ ಹೋಗುತ್ತಿತ್ತು. ಇದ್ದಿಲು ಅಲ್ವಾ, ಕೈಯಿಂದ ಉಜ್ಜಿದರೂ ಸಾಕಿತ್ತು.

ನನಗೆ ಪಾಂಪೆಗಿಂತ ಜಾಸ್ತಿ ಕಾಡುವುದು ಶ್ರೀಲಂಕಾದ ಸಿಗಿರಿಯ. ಐದನೇ ಶತಮಾನದಲ್ಲಿ ಕಾಶ್ಯಪ ಎಂಬ ರಾಜ ಬಂಡೆಯ ಮೇಲೆ ಅರಮನೆ ಕಟ್ಟಿಸಿದ. ಹತ್ತುವ ದಾರಿಯ ಪಕ್ಕ ಒಂದು ಗೋಡೆ, ಸುಣ್ಣದ ಗಾರೆಯನ್ನು ತಿಕ್ಕಿ ತಿಕ್ಕಿ ನುಣುಪು ಮಾಡಿದ್ದು. ಕನ್ನಡಿ ಗೋಡೆ ಅನ್ನುತ್ತಾರೆ. ಮೇಲೆ ಬಂಡೆಯಲ್ಲಿ ಹೆಂಗಸರ ವರ್ಣಚಿತ್ರಗಳು. ರಾಜ ಹೋದ ಮೇಲೆ ನೋಡಲು ಬಂದವರು ಆ ನುಣುಪು ಗಾರೆಯ ಮೇಲೆ ಮೊನೆಯಿಂದ ಪದ್ಯ ಗೀಚಿದರು. ಸುಮಾರು ಆರನೇ ಶತಮಾನದಿಂದ ಹದಿನಾಲ್ಕನೆಯದರವರೆಗೆ. ಚಿತ್ರದ ಹೆಂಗಸರು ಎಷ್ಟು ಚಂದ, ಯಾಕೆ ಮಾತಾಡುವುದಿಲ್ಲ ಅಂತೆಲ್ಲ ಹಾಡಿಕೊಂಡಿದ್ದಾರೆ. ಸೆನರತ್ ಪರಣವಿತಾನ ಎಂಬ ವಿದ್ವಾಂಸರು ಕೂತು ಓದಿ 685 ಪದ್ಯಗಳನ್ನು 1956ರಲ್ಲಿ ಪ್ರಕಟಿಸಿದರು. ಸಿಂಹಳ ಭಾಷೆಯ ಹಳೆಯ ಕವಿತೆ ಹೇಗಿತ್ತು ಅಂತ ತಿಳಿಯೋಕೆ ಈಗ ಆ ಗೋಡೆ ಬೇಕೇ ಬೇಕು. ಸಾಲು ಬಿಡದೆ ಎಲ್ಲವೂ ಗೀಚು.

ಈಗ ಅಲ್ಲಿ ಬರೆಯುವುದು ಅಪರಾಧ. 2015ರಲ್ಲಿ ಪ್ರವಾಸಕ್ಕೆ ಬಂದ ಒಬ್ಬ ಯುವತಿ ಆ ಗೋಡೆ ಮೇಲೆ ಹೆಸರು ಗೀಚಿದಳು. ಎರಡು ವರ್ಷ ಜೈಲು ಶಿಕ್ಷೆಯಾಯಿತು. ಆಮೇಲೆ ಅಧ್ಯಕ್ಷರು ಕ್ಷಮಾದಾನ ಕೊಟ್ಟರು. ಸಾವಿರದ ಚಿಲ್ಲರೆ ವರ್ಷ ಮುಂಚೆ ಬಂದು ಅದನ್ನೇ ಮಾಡಿದ್ದರೆ ಅವಳು ಕವಿ. ಈ ಮಾತು ಹೇಳಿ ನಗಬಹುದು. ನಾನೂ ಮೊದಲು ನಕ್ಕೆ. ಆಮೇಲೆ ಯೋಚಿಸಿದರೆ ನಗು ಅಷ್ಟು ಸುಲಭ ಅಲ್ಲ. ಮೊದಲು ಗೀಚಿದವನಿಗೆ ಗೋಡೆ ಖಾಲಿ ಇತ್ತು. ಇವಳ ಮೊನೆಯ ಕೆಳಗೆ ಬೇರೆಯವರ ಅಕ್ಷರಗಳಿರುವ ಗೋಡೆ. ಅವಳು ಮಾಡಿದ್ದು ತಪ್ಪು. ಎರಡು ವರ್ಷ ಅಂದದ್ದು ಇನ್ನೂ ದೊಡ್ಡ ತಪ್ಪು. 'ಇವತ್ತಿನ ಗೀಚು ನಾಳೆಯ ಶಾಸನ' ಅನ್ನುವ ವಾದ ಕೇಳೋಕೆ ಚಂದ, ಆದರೆ ಅದನ್ನು ನನ್ನ ಹಾವಿಗೆ ಅನ್ವಯಿಸಬೇಕಾದರೆ ನಾನು ಸಾವಿರ ವರ್ಷ ಗೋಡೆಗೆ ಬಣ್ಣ ಹೊಡೆಸದೆ ಕಾಯಬೇಕು.

ಯಾರ ಮೇಲೆ ಬರೆದದ್ದು ಅಂದೆನಲ್ಲ, ಅದಕ್ಕೆ ಬರುತ್ತೇನೆ. ಬರ್ಲಿನ್ ಗೋಡೆಯನ್ನು ತೆಗೆದುಕೊಳ್ಳಿ. ಪಶ್ಚಿಮದ ಮುಖದ ತುಂಬ ಬಣ್ಣ. ಪೂರ್ವದ ಕಡೆ ಬಿಳಿ, ಓಡಿಹೋಗುವವರು ಕಾವಲುಗಾರರ ಕಣ್ಣಿಗೆ ಎದ್ದು ಕಾಣಲಿ ಅಂತ. 1984ರಿಂದ ತಿಯೆರಿ ನ್ವಾರ್ ಎಂಬ ಫ್ರೆಂಚ್ ಕಲಾವಿದ ಪಶ್ಚಿಮದ ಮುಖದ ಮೇಲೆ ದೊಡ್ಡ ದೊಡ್ಡ ತಲೆಗಳನ್ನು ಬರೆಯುತ್ತ ಹೋದ. ಗೋಡೆ ನಿಂತಿದ್ದದ್ದು ಗಡಿಯಿಂದ ಸ್ವಲ್ಪ ಒಳಗೆ, ಪೂರ್ವ ಜರ್ಮನಿಯ ನೆಲದಲ್ಲಿ. ಹಾಗಾಗಿ ಪಶ್ಚಿಮದ ಕಡೆ ನಿಂತು ಬರೆದರೂ ಕಾಲಿಟ್ಟದ್ದು ಪೂರ್ವದ ಮಣ್ಣಿನ ಮೇಲೆ. ಕಾವಲುಗಾರರು ಬಾಗಿಲು ತೆಗೆದು ಬಂದು ಹಿಡಿಯಬಹುದಿತ್ತು. 1986ರಲ್ಲಿ ಒಬ್ಬನನ್ನು ಹಿಡಿದದ್ದೂ ಉಂಟು. ಕಾನೂನು ಪ್ರಕಾರ ನೋಡಿದರೆ ಅದು ಬೇರೆ ದೇಶದ ಸರ್ಕಾರಿ ಆಸ್ತಿ ಕೆಡಿಸಿದ ಹಾಗೆ. ಆದರೆ ಆ ಗೋಡೆ ಅಂದಗೆಟ್ಟಿತು ಅಂತ ಮರುಗುವವರು ಯಾರು? ಗೋಡೆ ಬಿದ್ದ ಮೇಲೆ, 1990ರಲ್ಲಿ, ಉಳಿದ 1.3 ಕಿಲೋಮೀಟರ್ ತುಂಡಿನ ಪೂರ್ವ ಮುಖಕ್ಕೆ ಕಲಾವಿದರು ಬಣ್ಣ ಬಳಿದರು. ಈಸ್ಟ್ ಸೈಡ್ ಗ್ಯಾಲರಿ ಅಂತ ಹೆಸರಾಯಿತು. ಈಗ ತಮಾಷೆ ಏನೆಂದರೆ, ಆ ಚಿತ್ರಗಳ ಮೇಲೆ ಪ್ರವಾಸಿಗಳು ಹೆಸರು ಬರೆಯುತ್ತಾರೆ, ಅದನ್ನು ತಡೆಯೋಕೆ ಬೇಲಿ ಹಾಕಬೇಕಾಯಿತು. ಬರ್ಲಿನ್ ಗೋಡೆಯನ್ನು ಕಾಯೋಕೆ ಬೇಲಿ!

2011ರ ಸಿರಿಯಾ. ದರಾ ಎಂಬ ಊರಿನ ಶಾಲೆಯ ಗೋಡೆ ಮೇಲೆ ಹುಡುಗರು ಬರೆದರು, 'ನಿನ್ನ ಸರದಿ ಬಂತು, ಡಾಕ್ಟರ್.' ಆಗಿನ ಅಧ್ಯಕ್ಷ ಬಷರ್ ಅಸದ್ ಓದಿದ್ದು ಕಣ್ಣಿನ ವೈದ್ಯಕೀಯ. ಹುಡುಗರನ್ನು ಹಿಡಿದೊಯ್ದು ಹಿಂಸಿಸಿದರು. ಮಕ್ಕಳನ್ನು ಬಿಡಿ ಅಂತ ಊರು ಬೀದಿಗಿಳಿಯಿತು. ಅದು ಅಂತರ್ಯುದ್ಧವಾಗಿ ಬೆಳೆದದ್ದು ಎಲ್ಲರಿಗೂ ಗೊತ್ತು. ಆ ಸಾಲು ಕಲೆಯೋ ಅಲ್ಲವೋ ಅಂತ ಕೇಳುವುದೇ ಅಸಭ್ಯ ಅನ್ನಿಸುತ್ತದೆ. ಅಕ್ಷರ ಚೆನ್ನಾಗಿತ್ತಾ ಅಂತ ಯಾರು ನೋಡುತ್ತಾರೆ?

ಈ ಎರಡು ಗೋಡೆಗಳ ಪಕ್ಕ ನನ್ನ ಕಾಂಪೌಂಡ್ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅಲ್ಲಿ ಬರೆದವನಿಗಿಂತ ಗೋಡೆಯ ಒಡೆಯ ದೊಡ್ಡವನು, ಕೇಳುವ ಬೇರೆ ದಾರಿಯನ್ನೆಲ್ಲ ಮುಚ್ಚಿದವನು. ನಾನು ಅಂಥ ಒಡೆಯ ಅಲ್ಲ. ಹಾಗಂತ ಪೂರ್ತಿ ಪಾಪದವನೂ ಅಲ್ಲ. ನಾನು ಓಡಾಡುವ ರಸ್ತೆಯಲ್ಲಿ ನನ್ನ ಮನೆಗಿಂತ ದೊಡ್ಡ ಜಾಹೀರಾತು ಫಲಕ ಇದೆ. ದಿನಾ ಅದು ನನಗೆ ಏನೋ ಮಾರುತ್ತದೆ. ನನ್ನನ್ನು ಒಂದು ಮಾತು ಕೇಳಿದವರಿಲ್ಲ. ಬಾಡಿಗೆ ಕೊಟ್ಟಿದ್ದಾರೆ ಸರಿ, ಅದು ಜಾಗದವನಿಗೆ, ನನ್ನ ಕಣ್ಣಿಗಲ್ಲ. ದುಡ್ಡಿದ್ದವರು ಊರಿನ ಎತ್ತರಕ್ಕೆ ಹೆಸರು ಬರೆದುಕೊಳ್ಳಬಹುದು, ಇಲ್ಲದವನು ಕತ್ತಲಲ್ಲಿ ಬರಬೇಕು. ಕೀತ್ ಹೇರಿಂಗ್ ಇದನ್ನು ಜಾಣತನದಿಂದ ಬಿಡಿಸಿದ್ದ. ಸಬ್‌ವೇಯಲ್ಲಿ ಜಾಹೀರಾತಿಲ್ಲದ ಫಲಕಗಳಿಗೆ ಕಪ್ಪು ಕಾಗದ ಅಂಟಿಸಿರುತ್ತಿದ್ದರು. 1980ರಿಂದ ಐದು ವರ್ಷ ಅವನು ಆ ಕಾಗದದ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆದ. ಯಾರ ಗಾರೆಯೂ ಕಿತ್ತು ಬರಲಿಲ್ಲ. ಸಿಡ್ನಿಯಲ್ಲಿ ಆರ್ಥರ್ ಸ್ಟೇಸ್ ಎಂಬಾತ 1930ರ ದಶಕದಿಂದ ಮೂವತ್ತಕ್ಕೂ ಹೆಚ್ಚು ವರ್ಷ ಕಾಲುದಾರಿಗಳ ಮೇಲೆ ಒಂದೇ ಪದ ಬರೆದ, ಅನಂತತೆ ಅನ್ನುವ ಅರ್ಥದ ಪದ. ಅದೂ ಸೀಮೆಸುಣ್ಣದಲ್ಲೇ. ಸರಿಯಾಗಿ ಓದುಬರಹ ಬಾರದವನು, ಆ ಒಂದು ಪದ ಮಾತ್ರ ಮುತ್ತಿನಂಥ ಅಕ್ಷರ. ಮಳೆ ಬಂದು ಒರೆಸುತ್ತಿತ್ತು, ಇವನು ಮತ್ತೆ ಬರೆಯುತ್ತಿದ್ದ. ಹೊಸ ಸಹಸ್ರಮಾನದ ರಾತ್ರಿ ಅದೇ ಕೈಬರಹವನ್ನು ಹಾರ್ಬರ್ ಸೇತುವೆಯ ಮೇಲೆ ದೀಪಗಳಲ್ಲಿ ಬೆಳಗಿಸಿದರು. ಸೀಮೆಸುಣ್ಣದವರ ಮೇಲೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಥಿನ್ನರ್ ಬೆಲೆ ಗೊತ್ತಿರುವವರಿಗೆ ಅರ್ಥವಾಗುತ್ತದೆ.

ಮುಖ ತೋರಿಸದೆ ಗೋಡೆಗಳ ಮೇಲೆ ಚಿತ್ರ ಬರೆಯುವ ಬ್ರಿಟನ್ನಿನ ಬ್ಯಾಂಕ್ಸಿ ಬಗ್ಗೆ ಎಲ್ಲರೂ ಬರೆದಾಗಿದೆ, ಒಂದೆರಡು ಮಾತು ಸಾಕು. 2018ರಲ್ಲಿ ಹರಾಜಿನಲ್ಲಿ ಹತ್ತು ಲಕ್ಷ ಪೌಂಡಿಗೂ ಹೆಚ್ಚಿಗೆ ಮಾರಾಟವಾದ ಕೂಡಲೇ ಅವನ ಚಿತ್ರ ಚೌಕಟ್ಟಿನೊಳಗಿನ ಯಂತ್ರದಲ್ಲಿ ಚೂರಾಗತೊಡಗಿತು. ಅರ್ಧ ಚೂರಾದ ಅದೇ ಚಿತ್ರ 2021ರಲ್ಲಿ ಸುಮಾರು 1.86 ಕೋಟಿ ಪೌಂಡಿಗೆ ಹೋಯಿತು. ಹಾಳು ಮಾಡಿದ್ದಕ್ಕೆ ಬೆಲೆ ಏರಿತು. ಅವನು ಬರೆದರೆ ಗೋಡೆಗೆ ಗಾಜು ಹಾಕಿಸುತ್ತಾರೆ, ಪಕ್ಕದ ಹುಡುಗ ಬರೆದರೆ ಪೊಲೀಸ್ ಕರೆಯುತ್ತಾರೆ. ಇಲ್ಲಿ ತೂಗುತ್ತಿರುವುದು ಕಲೆಯನ್ನಲ್ಲ, ಮನೆಯ ಬೆಲೆ ಎಷ್ಟು ಏರುತ್ತದೆ ಅನ್ನುವುದನ್ನು. ಬ್ರೆಜಿಲ್‌ನಲ್ಲಿ 2011ರ ಕಾನೂನು ಇನ್ನೊಂದು ಥರ ತೂಗಿತು. ಮಾಲೀಕರ ಒಪ್ಪಿಗೆ ಇರುವ ಬಣ್ಣದ ಗ್ರಾಫಿಟಿ ಅಪರಾಧವಲ್ಲ, ಪಿಷಾಸಾವ್ ಎಂಬ ಉದ್ದುದ್ದ ಕಪ್ಪು ಅಕ್ಷರಗಳ ಬರಹ ಅಪರಾಧ. ಪಿಷಾಸಾವ್‌ನವರಿಗೆ ಅದರಿಂದ ಬೇಜಾರೇನೂ ಆದಂತಿಲ್ಲ. ಹಗ್ಗವಿಲ್ಲದೆ ಹತ್ತು ಮಹಡಿ ಹತ್ತಿ ಬರೆಯುವವರು ಚಂದ ಅನ್ನಿಸಿಕೊಳ್ಳೋಕೆ ಬರೆಯುವುದಿಲ್ಲ.

ನನ್ನ ತಲೆಯನ್ನು ತಿರುಗಿಸಿದ ಪ್ರಕರಣ ಬೇರೆ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಫೈವ್ ಪಾಯಿಂಟ್ಸ್ ಎಂಬ ಹಳೇ ಕಾರ್ಖಾನೆ ಕಟ್ಟಡ. ಮಾಲೀಕನೇ ಒಪ್ಪಿ ಗೋಡೆಗಳನ್ನು ಬಿಟ್ಟುಕೊಟ್ಟಿದ್ದ. 2002ರಿಂದ ಮೆರೆಸ್ ಒನ್ ಎಂಬ ರೈಟರ್ ಯಾರು ಎಲ್ಲಿ ಬರೆಯಬೇಕು ಅಂತ ನೋಡಿಕೊಳ್ಳುತ್ತಿದ್ದ. ಪಕ್ಕದಲ್ಲೇ ಹೋಗುವ ರೈಲಿನಿಂದ ಇಡೀ ಕಟ್ಟಡ ಕಾಣುತ್ತಿತ್ತು. ಮಾಲೀಕನಿಗೆ ಅಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಬೇಕಿತ್ತು. ಕಟ್ಟಲಿ, ಅವನ ಜಾಗ. 2013ರ ನವೆಂಬರ್‌ನ ಒಂದು ರಾತ್ರಿ ಜನರನ್ನು ಕಳಿಸಿ ಎಲ್ಲದಕ್ಕೂ ಬಿಳಿ ಬಳಿಸಿದ. ಬೆಳಗಾಗುವಷ್ಟರಲ್ಲಿ ಮುಗಿದಿತ್ತು. ಕತ್ತಲಲ್ಲಿ ಬಂದು, ಯಾರಿಗೂ ಹೇಳದೆ ಬಣ್ಣ ಬಳಿದು ಹೋಗುವುದು. ಇದನ್ನು ಎಲ್ಲೋ ಕೇಳಿದ ಹಾಗಿದೆ, ಅಲ್ವಾ?

21 ಕಲಾವಿದರು ಕೋರ್ಟಿಗೆ ಹೋದರು. ದೃಶ್ಯಕಲಾವಿದರ ಹಕ್ಕಿನ ಬಗ್ಗೆ 1990ರಲ್ಲಿ ಬಂದ ಅಮೆರಿಕದ ಕಾನೂನಿನ ಪ್ರಕಾರ ಕಟ್ಟಡದಿಂದ ಕೃತಿ ತೆಗೆಯುವ ಮುನ್ನ 90 ದಿನದ ನೋಟಿಸ್ ಕೊಡಬೇಕು. ತಮ್ಮ ಕೆಲಸವನ್ನು ಉಳಿಸಿಕೊಳ್ಳಲು ಇಲ್ಲವೇ ಫೋಟೋ ತೆಗೆದುಕೊಳ್ಳಲು ಅವರಿಗೆ ಸಮಯ ಸಿಗಲಿ ಅಂತ. 2018ರಲ್ಲಿ ನ್ಯಾಯಾಧೀಶರು 45 ಚಿತ್ರಗಳಿಗೆ ತಲಾ ಒಂದೂವರೆ ಲಕ್ಷ ಡಾಲರಿನಂತೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿದರು. 2020ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಪರರ ಆಸ್ತಿ ಕೆಡಿಸುವ ಕಿಡಿಗೇಡಿತನಕ್ಕೆ ಇಂಗ್ಲಿಷಿನಲ್ಲಿರುವ ವ್ಯಾಂಡಲಿಸಂ ಅನ್ನುವ ಪದದ ಕಥೆ ಇಲ್ಲಿ ನೆನಪಾಗುತ್ತದೆ. 455ರಲ್ಲಿ ರೋಮನ್ನು ಲೂಟಿ ಮಾಡಿದ ವ್ಯಾಂಡಲರೆಂಬ ಬುಡಕಟ್ಟಿನವರ ಹೆಸರಿನಿಂದ ಆ ಪದ ಮಾಡಿದವರು ಆಬೆ ಗ್ರೆಗ್ವಾರ್ ಎಂಬ ಫ್ರೆಂಚ್ ಪಾದ್ರಿ, 1794ರಲ್ಲಿ, ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಕಲಾಕೃತಿಗಳನ್ನು ಒಡೆದು ಹಾಕುತ್ತಿದ್ದವರನ್ನು ಬೈಯೋಕೆ. ಅಂದರೆ ಆ ಪದ ಹುಟ್ಟಿದ್ದು ಕಲೆ ಅಳಿಸುವವರ ಮೇಲೆ. ಬರೆಯುವವರ ಮೇಲಲ್ಲ.

ಇನ್ನೊಂದು ತುದಿಯಲ್ಲಿ ಬ್ಲೂ ಎಂಬ ಇಟಲಿಯ ಬೀದಿ ಕಲಾವಿದ ಇದ್ದಾನೆ. 2016ರಲ್ಲಿ ಬೊಲೋನ್ಯ ಊರಿನಲ್ಲಿ, ಬೀದಿ ಗೋಡೆಗಳಿಂದ ಕಿತ್ತು ತಂದ ಚಿತ್ರಗಳನ್ನು ಪ್ರದರ್ಶನಕ್ಕೆ ಇಡುವ ಸಿದ್ಧತೆ ನಡೆದಿತ್ತು. ಅವನು ಗೆಳೆಯರನ್ನು ಕರೆದುಕೊಂಡು ಹೋಗಿ, ಆ ಊರಿನಲ್ಲಿ ಇಪ್ಪತ್ತು ವರ್ಷ ತಾನು ಬರೆದದ್ದನ್ನೆಲ್ಲ ತಾನೇ ಕೆರೆದು ಬೂದು ಬಣ್ಣ ಬಳಿದ. ಮಾರುವವರ ಕೈಗೆ ಸಿಗುವ ಬದಲು ಇಲ್ಲದಿರುವುದೇ ವಾಸಿ ಅಂತ. ಮೊದಲು ಓದಿದಾಗ ಹುಚ್ಚು ಅನ್ನಿಸಿತು. ಈಗ ಅಷ್ಟು ಅನ್ನಿಸುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಕಟ್ಟಡದ ಮೇಲೆ ಬ್ಯಾಂಕ್ಸಿ ಒಂದು ಚಿತ್ರ ಬರೆದ. ನ್ಯಾಯಾಧೀಶನೊಬ್ಬ ಸುತ್ತಿಗೆಯಿಂದ ಪ್ರತಿಭಟನಕಾರನಿಗೆ ಹೊಡೆಯುತ್ತಿರುವುದು. ರಕ್ಷಿತ ಕಟ್ಟಡ, ಇರಲು ಬಿಡುವಂತಿಲ್ಲ ಅಂತ ಉಜ್ಜಿ ತೆಗೆದರು. ಕಲ್ಲಿನ ಮೇಲೆ ನೆರಳಿನಂಥ ಬೂದು ಆಕಾರ ಉಳಿಯಿತು. ಅದರ ಫೋಟೋ ನೋಡಿ ನಾನು ಜೋರಾಗಿ ನಕ್ಕೆ. ಆ ಬೂದು ಮೋಡ ನನಗೆ ಚೆನ್ನಾಗಿ ಪರಿಚಯ.

ನನ್ನ ಗೋಡೆಗೆ ಕೊನೆಗೆ ಆ ಜಾಗಕ್ಕಷ್ಟೇ ಎರಡು ಕೋಟ್ ಬಣ್ಣ ಹೊಡೆಸಿದೆ. ಬಣ್ಣದವರು ಉಪಾಯ ಹೇಳಿದರು: 'ಒಂದು ಒಳ್ಳೇ ಚಿತ್ರ ಬರೆಸಿಬಿಡಿ ಸಾರ್, ಚಿತ್ರದ ಮೇಲೆ ಯಾರೂ ಗೀಚಲ್ಲ.' ಬರೆಸಲಿಲ್ಲ. ಯಾಕೋ ಅದು ಗೋಡೆ ಕಾಯೋಕೆ ಚಿತ್ರವನ್ನು ನಾಯಿ ಕಟ್ಟಿದ ಹಾಗೆ ಕಟ್ಟುವುದು ಅನ್ನಿಸಿತು. ಹೊಸ ತೇಪೆಯ ಬಣ್ಣ ಹಳೆಯದಕ್ಕೆ ಪೂರ್ತಿ ಹೊಂದಲಿಲ್ಲ. ಒಂದು ಅಂಗೈ ಅಗಲ ಹೆಚ್ಚೇ ಬಳಿದಿದ್ದಾರೆ. ಒಣಗಿದ್ದಾಗ ದಾರಿಯಲ್ಲಿ ಹೋಗುವವರಿಗೆ ಏನೂ ಗೊತ್ತಾಗುವುದಿಲ್ಲ.

ಮಳೆ ಬಂದಾಗ ಮಾತ್ರ ಬೇರೆ. ನಾನು ಉಜ್ಜಿ ಉಜ್ಜಿ ತೆರೆದಿಟ್ಟ ಗಾರೆ ಉಳಿದ ಗೋಡೆಗಿಂತ ಬೇಗ ನೀರು ಕುಡಿಯುತ್ತದೆ. ಮೊದಲು ಬಾಣ ಕಪ್ಪಾಗುತ್ತದೆ, ಆಮೇಲೆ ಹೊಟ್ಟೆ, ಕೊನೆಗೆ ಕಿರೀಟದ ಮೂರು ಮೊನೆ. ಕೊಡೆ ಹಿಡಿದು ಗೇಟಿನ ಹತ್ತಿರ ನಿಂತು ಒಂದೆರಡು ಸಲ ಓದೋಕೆ ನೋಡಿದ್ದೇನೆ. ಮೊದಲನೇ ಅಕ್ಷರ ಏನಿರಬಹುದು ಅಂತ ಒಂದು ಅಂದಾಜಿದೆ. ಉಳಿದದ್ದು ಇನ್ನೂ ಸಿಕ್ಕಿಲ್ಲ.